ಉಳಿ ಯಾರ ಕೈಲಿರಬೇಕು?

ಹೋದ ಸಂಚಿಕೆಯಲ್ಲಿ ಶಾಲೆ ಮಕ್ಕಳು ಲೇತ್ (ಉಳಿ ಹಿಡಿದು ಕಡೆಯಲು ಮರವನ್ನು ತಿರುಗಿಸುವ ಯಂತ್ರ) ಮೇಲೆ ಬುಗುರಿ ಕಡೆದ ಸಂಗತಿಯನ್ನು ಎರಡೇ ಸಾಲಿನಲ್ಲಿ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ತೋಟ, ಗೊಬ್ಬರ, ಸೋರುವ ನಲ್ಲಿ ಎಲ್ಲಕ್ಕೂ ರಜೆ. ಪೂರ್ತಿ ಅಂಕಣ ಮರ ಕಡೆಯುವುದಕ್ಕೇ ಮೀಸಲು.

ಹೊಸ ಓದುಗರಿಗೆ ಒಂದು ಮಾತು. ನಾನು ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ 27 ವರ್ಷ ಡ್ರಾಯಿಂಗ್ ಮತ್ತು ಕ್ರಾಫ್ಟ್ ಮೇಷ್ಟ್ರಾಗಿದ್ದವನು. ಮರ ಕಡೆಯುವ ವಿದ್ಯೆ ನನಗೆ ಅರ್ಧ ಮಾತ್ರ ಗೊತ್ತು. ಗೊತ್ತಿರುವ ಆ ಅರ್ಧವೂ ಚನ್ನಪಟ್ಟಣದ ಗೊಂಬೆ ಕೆಲಸದವರ ಪಕ್ಕ ಕೂತು ಕಲಿತದ್ದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ಡಿಸೈನ್ ಒಂದು ವಿಷಯ. ಚನ್ನಪಟ್ಟಣದಿಂದ ಇಬ್ಬರು ಅನುಭವಿಗಳನ್ನು ಕರೆಸಿ ಮಕ್ಕಳಿಗೆ ಮರ ಕಡೆಯುವುದನ್ನು ಕಲಿಸಬೇಕು ಅಂತ ಆಸೆ. ಮಕ್ಕಳು 38. ಸಿಕ್ಕಿರುವುದು ಎರಡು ದಿನ. ಹೇಗೆ ಮಾಡಲಿ?
*ಡಿಸೈನ್ ಶಿಕ್ಷಕಿ, ಮೈಸೂರು*

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ಒಬ್ಬ ಹಿರಿಯ ಕೆಲಸಗಾರರನ್ನು ಕರೆಸಿ, ಸಭಾಂಗಣದ ವೇದಿಕೆ ಮೇಲೆ ಲೇತ್ ಇಡಿಸಿ, ಕೊರಳಿಗೆ ಮೈಕು ಸಿಕ್ಕಿಸಿ, ಎದುರಿಗೆ 60 ಮಕ್ಕಳನ್ನು ಕೂರಿಸಿದೆ. ಅವರು ಹತ್ತು ನಿಮಿಷದೊಳಗೆ ಒಂದು ಕುಂಕುಮದ ಡಬ್ಬಿ ಕಡೆದು, ಕೆಂಪು ಅರಗು ಹಾಕಿ, ಮುಚ್ಚಳ ಕೂರಿಸಿ ಎತ್ತಿ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಒಬ್ಬ ಹುಡುಗನನ್ನು, "ಏನು ಕಲಿತೆ?" ಅಂತ ಕೇಳಿದೆ. "ಸಾರ್, ಅವರು ತುಂಬಾ ಫಾಸ್ಟ್" ಅಂದ. ಅಷ್ಟೇ ಅವನು ಕಲಿತದ್ದು. ಸಾಮಾನು ಕಟ್ಟುತ್ತಾ ಆ ಹಿರಿಯರೂ ಅದನ್ನೇ ಹೇಳಿದರು. "ಮೇಷ್ಟ್ರೇ, ನೀವು ಇವತ್ತು ನನ್ನ ಕೈಲಿ ಜಾದೂ ಮಾಡಿಸಿದ್ರಿ. ಉಳಿ ಮಾತ್ರ ನನ್ನ ಕೈ ಬಿಟ್ಟು ಹೋಗಲೇ ಇಲ್ಲ."

ಆವತ್ತಿನಿಂದ ನನಗೆ ಉಳಿದಿರುವುದು ಒಂದೇ ನಿಯಮ. ಉಳಿ ಮಗುವಿನ ಕೈಲಿರಬೇಕು, ಅನುಭವಿಯ ಕೈ ಆ ಕೈ ಮೇಲಿರಬೇಕು. ಮಿಕ್ಕ ಲೆಕ್ಕವೆಲ್ಲ ಇದರಿಂದಲೇ ಹುಟ್ಟುತ್ತದೆ. ಹಾಗೆ ಕಲಿಸಬೇಕಾದರೆ ಒಬ್ಬ ಅನುಭವಿಗೆ ಒಂದು ಸಲಕ್ಕೆ ನಾಲ್ಕು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ. 38 ಮಕ್ಕಳಿಗೆ ಎರಡು ದಿನ ಯಾವ ಮೂಲೆಗೂ ಸಾಲದು. ಅದರ ಬದಲು ಐದು ಗುಂಪು ಮಾಡಿ, ವಾರಕ್ಕೊಂದು ಗುಂಪಿನಂತೆ ಐದು ಶನಿವಾರ ಕೇಳಿ. ಆಡಳಿತ ಮಂಡಳಿ ಒಪ್ಪದಿದ್ದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತೆರೆದು ತೋರಿಸಿ. ಆರರಿಂದ ಎಂಟನೇ ತರಗತಿಯ ಮಕ್ಕಳು ಚೀಲ ಬಿಟ್ಟು ಹತ್ತು ದಿನ ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕು ಅಂತ ಅದರಲ್ಲೇ ಬರೆದಿದೆ. ನಿಮ್ಮ ಎಂಟನೇ ತರಗತಿಯವರಿಗಂತೂ ಆ ಬಾಗಿಲು ತೆರೆದೇ ಇದೆ.

ಇನ್ನು ಮೊದಲ ಗಂಟೆಯ ಮಾತು. ಮೋಟಾರು ಹಾಕಲೇಬೇಡಿ. ಹಳೆಯ ಕೈ ಲೇತ್ ಸಿಕ್ಕರೆ ತರಿಸಿ. ಮರದ ತುಂಡಿಗೆ ದಾರ ಸುತ್ತಿ ಬಿಲ್ಲಿನಿಂದ ಎಳೆದರೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಿರುಗುತ್ತದೆ. ಒಂದು ಮಗು ಎಳೆಯಲಿ, ಇನ್ನೊಂದು ಉಳಿ ಹಿಡಿಯಲಿ. ಮಜ್ಜಿಗೆ ಕಡೆಯುವುದು, ಮರ ಕಡೆಯುವುದು ಎರಡಕ್ಕೂ ನಮ್ಮಲ್ಲಿ ಒಂದೇ ಮಾತು ಯಾಕೆ ಇದೆ ಅನ್ನುವುದು ಆಗ ತಾನಾಗಿ ಹೊಳೆಯುತ್ತದೆ. ನಿಧಾನವಾಗಿ ತಿರುಗುವ ಮರದ ಮೇಲೆ ಹೆದರಿಕೆಯೂ ಇರುವುದಿಲ್ಲ.

ಆಮೇಲೆ ಮೋಟಾರು. ಒಂದೂವರೆ ಇಂಚು ದಪ್ಪ, ಐದಾರು ಇಂಚು ಉದ್ದದ ತುಂಡುಗಳನ್ನು ಮೊದಲೇ ಗುಂಡಗೆ ಮಾಡಿಸಿಟ್ಟಿರಿ. ಚೌಕ ತುಂಡನ್ನು ಗುಂಡಗೆ ಮಾಡುವಾಗಲೇ ಉಳಿ ಟಕಟಕ ಬಡಿದು ಮಕ್ಕಳು ಬೆಚ್ಚುವುದು. ನಮ್ಮ ಶಾಲೆಗೆ ಬರುತ್ತಿದ್ದ ಹಿರಿಯರು ಮಗುವಿನ ಹಿಂದೆ ಮಂಡಿಯೂರಿ ಕೂರುತ್ತಿದ್ದರು. ಉಳಿಯ ಹಿಡಿಯನ್ನು ಮಗುವಿನ ಸೊಂಟಕ್ಕೆ ಒತ್ತಿಸಿ, ಮುಂಗೈ ಮೇಲೆ ತಮ್ಮ ಎರಡು ಬೆರಳು ಇಟ್ಟು, "ಮೊದಲು ಬೆನ್ನು ತಾಗಲಿ, ಆಮೇಲೆ ಬಾಯಿ" ಅನ್ನುತ್ತಿದ್ದರು. ಅಂದರೆ ಸಾಣೆ ಹಿಡಿದ ಇಳಿಜಾರು ಮರಕ್ಕೆ ಸವರಬೇಕು. ಮರ ಮುಟ್ಟುತ್ತದೆ, ಕತ್ತರಿಸುವುದಿಲ್ಲ. ಆಗ ಹಿಡಿಯನ್ನು ಒಂದು ಕೂದಲೆಳೆಯಷ್ಟು ಎತ್ತಬೇಕು. ಸರ್ ಅಂತ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಮಗುವಿನ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅಲ್ಲಿಗೆ ಅವರು ಎರಡು ಬೆರಳನ್ನೂ ಮೆಲ್ಲಗೆ ತೆಗೆದುಬಿಡುತ್ತಿದ್ದರು. ಕೈ ತೆಗೆದದ್ದು ಮಗುವಿಗೆ ಗೊತ್ತೇ ಆಗುತ್ತಿರಲಿಲ್ಲ. ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಬಿಟ್ಟ ಹಾಗೆ.

ಉಳಿಯನ್ನು ದಪ್ಪ ಕಡೆಯಿಂದ ಸಣ್ಣ ಕಡೆಗೆ, ಯಾವತ್ತೂ ಇಳಿಜಾರಿನಲ್ಲೇ ಓಡಿಸಬೇಕು. ಏರಿನಲ್ಲಿ ಓಡಿಸಿದರೆ ಎಳೆ ಕಿತ್ತು ಬರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಹೇಳಬೇಡಿ. ಒಂದು ಸಲ ಎಳೆ ಕಿತ್ತು ಬಂದ ಮೇಲೆ ಯಾರೂ ಮರೆಯುವುದಿಲ್ಲ.

ಹಾಗಾದರೆ ನಿಮ್ಮ ಕೆಲಸ ಏನು ಅಂತೀರಾ? ಕಾಯುತ್ತಿರುವ ಮಕ್ಕಳು ನಿಮ್ಮ ಪಾಲು. ನಾನು ಕೊಡುತ್ತಿದ್ದದ್ದು ಚದುರಂಗದ ಪೇದೆ. ಅಳತೆ ಹಾಕಿದ ಒಂದೇ ಚಿತ್ರ, ಅದನ್ನು ನೋಡಿ ಎಂಟು ಮಕ್ಕಳು ಎಂಟು ಪೇದೆ ಮಾಡಬೇಕು. ಎಂಟನ್ನೂ ಸಾಲಾಗಿ ನಿಲ್ಲಿಸಿದರೆ ಒಂದು ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮುಖ ಹೋಲುತ್ತದೆ, ಎತ್ತರ ಬೇರೆ, ಹೊಟ್ಟೆ ಬೇರೆ. "ಚಿತ್ರ ಒಂದೇ, ಪೇದೆ ಯಾಕೆ ಬೇರೆ?" ಅಲ್ಲಿಂದ ಡಿಸೈನ್ ಪಾಠ ಶುರು. ಹಿರಿಯರು ಆಗ ತಮ್ಮ ಜೇಬಿನಿಂದ ಒಂದು ರಟ್ಟಿನ ಪಟ್ಟಿ ತೆಗೆದರು. ಅದರ ಅಂಚಿಗೆ ಪೆನ್ಸಿಲ್ ಗೆರೆಗಳು. ತಿರುಗುವ ಮರಕ್ಕೆ ಪಟ್ಟಿ ಹಿಡಿದು ಪೆನ್ಸಿಲ್ ತಾಗಿಸಿದರೆ ಕುತ್ತಿಗೆ ಎಲ್ಲಿ, ತಲೆ ಎಲ್ಲಿ ಅಂತ ಸುತ್ತಲೂ ಗುರುತು ಬೀಳುತ್ತದೆ. ನಾನು ಒಂದು ಪುಟ ತುಂಬ ಬರೆದ ಅಳತೆಯನ್ನು ಅವರು ಬೆರಳಗಲದ ರಟ್ಟಿನಲ್ಲಿ ಇಟ್ಟುಕೊಂಡಿದ್ದರು. ಎರಡನೇ ಸಲದ ಪೇದೆಗಳು ನಿಜವಾಗಿಯೂ ಪೇದೆಗಳಾದವು.

ನೀವು ಮೈಸೂರಿನಲ್ಲಿದ್ದೀರಿ. ಒಂದು ದಿನ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದಲ್ಲಿ ಉಂಗುರ ಉಂಗುರವಾಗಿ ಕಡೆದ ಕಲ್ಲಿನ ಕಂಬಗಳನ್ನು ತೋರಿಸಿ. ಒಮ್ಮೆ ಪೇದೆ ಕಡೆದ ಮಗು ಆ ಕಂಬವನ್ನು ನೋಡುವ ರೀತಿಯೇ ಬೇರೆ. ನಮ್ಮ ಹುಡುಗಿಯೊಬ್ಬಳು ಶಿಲಾಬಾಲಿಕೆಗಳ ಕಡೆ ತಿರುಗಿಯೂ ನೋಡದೆ ಕಂಬವನ್ನೇ ಸುತ್ತು ಹಾಕುತ್ತಿದ್ದಳು.

ಪ್ರಶ್ನೆ: ಮಗನ ಶಾಲೆಯಿಂದ ಒಪ್ಪಿಗೆ ಚೀಟಿ ಬಂದಿದೆ. ಲೇತ್ ಅಂದರೆ ಫ್ಯಾಕ್ಟರಿ ಯಂತ್ರ ಅಲ್ವಾ? 13 ವರ್ಷದ ಹುಡುಗನಿಗೆ ಇದು ಬೇಕಾ? ಸಹಿ ಹಾಕಲೋ ಬೇಡವೋ?
*ತಂದೆ, ಬೆಂಗಳೂರು*

ಅಪಾಯ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಬಲಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ. ಮೂರನೇ ವರ್ಷವೋ ಏನೋ, ತಿರುಗುತ್ತಿದ್ದ ಲಟ್ಟಣಿಗೆಗೆ ಬಟ್ಟೆ ಚೂರು ಹಿಡಿದು ಎಣ್ಣೆ ಹಚ್ಚುತ್ತಿದ್ದೆ. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದೆ. ದಡ್ಡ ಕೆಲಸ. ಬಟ್ಟೆ ಮರಕ್ಕೆ ಸುತ್ತಿಕೊಂಡಿತು, ಬೆರಳೂ ಜೊತೆಗೆ ಹೋಯಿತು. ಸಣ್ಣ ಮೋಟಾರು, ಬೆಲ್ಟು ಜಾರಿತು, ಬಚಾವಾದೆ. ಅದಾದ ಮೇಲೆ ನನ್ನ ಕೊಠಡಿಯಲ್ಲಿ ಬಟ್ಟೆ ಇಲ್ಲ. ಎಣ್ಣೆ ಹಚ್ಚಲು ಕಾಗದ, ಸುತ್ತಿಕೊಂಡರೂ ಹರಿದುಹೋಗುತ್ತದೆ.

ಸಹಿ ಹಾಕುವ ಮುಂಚೆ ಶಾಲೆಗೆ ಹೋಗಿ ಇಷ್ಟು ಕೇಳಿ. ಮುಖ ಪೂರ್ತಿ ಮುಚ್ಚುವ ಗುರಾಣಿ ಇದೆಯಾ? ಸುಮ್ನೆ ಕನ್ನಡಕ ಸಾಲದು. ಲೇತ್ ನಿಲ್ಲಿಸುವ ಸ್ವಿಚ್ಚು ದೊಡ್ಡವರ ಕೈಗೆ ಎಟುಕುವಂತಿದೆಯಾ? ಉಳಿ ಒರಗಿಸುವ ಆಸರೆ ಮತ್ತು ಮರದ ನಡುವಿನ ಸಂದನ್ನು ಯಾರು ನೋಡುತ್ತಾರೆ? ಆ ಸಂದು ಕಿರುಬೆರಳೂ ತೂರದಷ್ಟು ಇರಬೇಕು, ಅದನ್ನು ಸರಿಸುವುದು ಲೇತ್ ನಿಂತ ಮೇಲೆ ಮಾತ್ರ. ಸ್ವಿಚ್ಚು ಒತ್ತುವ ಮುಂಚೆ ಮರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡುತ್ತಾರಾ? ಎಷ್ಟು ವೇಗ ಇಡುತ್ತಾರೆ? ಮರದ ದಪ್ಪ ಇಂಚಿನಲ್ಲಿ, ಅದನ್ನು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು ಅಂತ ಕೆಲಸದವರ ಒಂದು ಅಂದಾಜಿದೆ. ಆ ಲೆಕ್ಕದಲ್ಲಿ ಎರಡು ಇಂಚಿನ ಮರಕ್ಕೆ 3000 ಸುತ್ತು ನಡೆಯುತ್ತದೆ. ಮಕ್ಕಳಿಗೆ ನಾನು ಅದರ ಅರ್ಧವೂ ಕೊಡುವುದಿಲ್ಲ.

ನಿಮ್ಮ ಮನೆಯಿಂದ ಆಗಬೇಕಾದದ್ದು: ಅರ್ಧ ತೋಳಿನ ಅಂಗಿ, ಬೆರಳು ಮುಚ್ಚುವ ಬೂಟು, ಕೈಯಲ್ಲಿ ದಾರ, ಬಳೆ, ವಾಚು ಏನೂ ಬೇಡ. ದೇವಸ್ಥಾನದ ದಾರ ಬಿಚ್ಚಲು ಒಪ್ಪದ ಅಜ್ಜಿಯರ ಜೊತೆ ನಾನು ಫೋನಿನಲ್ಲಿ ಎಷ್ಟೋ ಸಲ ಪಂಚಾಯಿತಿ ಮಾಡಿದ್ದೇನೆ. ಉದ್ದ ಕೂದಲಿದ್ದವರು ಜಡೆಯನ್ನು ತುರುಬು ಕಟ್ಟಿ ಬರಲಿ. ಕೈಗವಸಂತೂ ಬೇಡವೇ ಬೇಡ, ಅದು ಕಾಪಾಡುವುದಕ್ಕಿಂತ ಎಳೆದುಕೊಳ್ಳುವುದೇ ಜಾಸ್ತಿ.

ಇಷ್ಟಕ್ಕೂ ಸರಿಯಾದ ಉತ್ತರ ಬಂದರೆ ಸಹಿ ಹಾಕಿ. ಬಾರದಿದ್ದರೆ ಹಾಕಬೇಡಿ.

ಪ್ರಶ್ನೆ: ನಾನು 30 ವರ್ಷದಿಂದ ಗೊಂಬೆ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನ ಒಂದು ಶಾಲೆಯವರು ಪಾಠ ಮಾಡೋಕೆ ಬನ್ನಿ ಅಂತ ಕರೆದಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಬರಲ್ಲ. ಏನು ಮಾತಾಡಲಿ? ಎಷ್ಟು ದುಡ್ಡು ಕೇಳಲಿ?
*ಚನ್ನಪಟ್ಟಣ*

ಈ ಪತ್ರ ಓದಿ ನನಗೆ ಒಂಥರಾ ಮುಜುಗರವಾಯಿತು. ಪ್ರಶ್ನೆ ಕೇಳಬೇಕಾದವನು ನಾನು, ಉತ್ತರ ಹೇಳಬೇಕಾದವರು ನೀವು.

ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು. ಟಿಪ್ಪು ಸುಲ್ತಾನ್ ಕಾಲದಲ್ಲಿ ಪರ್ಷಿಯಾದವರು ಬಂದು ಕಲಿಸಿದರು ಅನ್ನುವ ಕಥೆ, ನಿಮ್ಮ ಗೊಂಬೆ ಕೆಲಸದ ಹಿರಿಯ ಬಾವಾಸ್ ಮಿಯಾ ಜಪಾನಿನ ವಿದ್ಯೆಯನ್ನು ನಿಮ್ಮೂರಿಗೆ ತಂದ ಕಥೆ, ನಿಮ್ಮ ಗೊಂಬೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ವಿಷಯ, ಇದನ್ನೆಲ್ಲ ಶಾಲೆಯ ಟೀಚರ್ರೇ ಹೇಳಿಕೊಳ್ಳಲಿ. ಅವರಿಗೆ ಗೊತ್ತಿಲ್ಲದ್ದು ನಿಮ್ಮ ಕಿವಿಗೆ ಗೊತ್ತು. ಉಳಿ ಮೊಂಡಾದರೆ ಸದ್ದು ಕೀರಲಾಗುತ್ತದೆ, ಸಿಪ್ಪೆಯ ಬದಲು ಪುಡಿ ಉದುರುತ್ತದೆ. ನೀವು ಬೇರೆಯವರ ಜೊತೆ ಮಾತಾಡುತ್ತಿದ್ದರೂ ಹಿಂದಿನ ಲೇತ್ ಸದ್ದು ಕೇಳಿ "ಉಳಿ ಸಾಣೆ ಹಿಡಿ" ಅಂತೀರಿ. ಅದನ್ನು ಮಕ್ಕಳಿಗೆ ಕೇಳಿಸಿ. ಕಣ್ಣು ಮುಚ್ಚಿಸಿ, ಚೂಪಾದ ಉಳಿ ಒಮ್ಮೆ, ಮೊಂಡು ಉಳಿ ಒಮ್ಮೆ ಹಿಡಿದು, ಯಾವುದು ಯಾವುದು ಅಂತ ಕೇಳಿ. ಮಕ್ಕಳು ಬಿದ್ದು ಬಿದ್ದು ನಗುತ್ತಾ ಕಲಿಯುತ್ತಾರೆ.

ಒಂದು ಎಚ್ಚರಿಕೆ. ಮಗು ತಪ್ಪು ಮಾಡಿದಾಗ ಉಳಿ ಕಿತ್ತುಕೊಂಡು ನೀವೇ ಸರಿ ಮಾಡಿಕೊಡುವ ಅಭ್ಯಾಸ ಎಲ್ಲ ಒಳ್ಳೆಯ ಕೆಲಸಗಾರರಿಗೂ ಇರುತ್ತದೆ. ತಡೆದುಕೊಳ್ಳಿ. ಸೊಟ್ಟ ಪೇದೆ ಮನೆಗೆ ಹೋಗಲಿ. ಇನ್ನೊಂದು, ಮಕ್ಕಳು ಚಿತ್ರ ಬರೆದು ತರುತ್ತಾರೆ. ಅದರಲ್ಲಿ ಉಳಿ ಹೋಗಲಾರದ ಸಂದುಗಳಿರುತ್ತವೆ. "ಆಗಲ್ಲ" ಅನ್ನಬೇಡಿ. ಉಳಿಯನ್ನು ಚಿತ್ರದ ಮೇಲೇ ಇಟ್ಟು, "ಇಲ್ಲಿಗೆ ಹೇಗೆ ತೂರಿಸ್ತೀಯಾ ತೋರಿಸು" ಅನ್ನಿ. ಚಿತ್ರವನ್ನು ಅವರೇ ತಿದ್ದಿಕೊಳ್ಳುತ್ತಾರೆ.

ಕೊನೆಗೆ ಅರಗು ಹಾಕುವ ಹೊತ್ತು. ಇದನ್ನು ಮಾತ್ರ ಅವಸರ ಮಾಡಬೇಡಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ತಾಗಿಸಿದಾಗ, ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಸುತ್ತ ಹಳದಿ ಪಟ್ಟಿ ಏಳುತ್ತದೆ. ಮೊದಲು ಮಚ್ಚೆ ಮಚ್ಚೆ, ಒರಟು. ಆಮೇಲೆ ಕೇದಗೆ ಗರಿ ಮಡಿಸಿ ಒತ್ತಿದರೆ ಅದೇ ಹಳದಿ ಕನ್ನಡಿಯ ಹಾಗೆ ಮಿಂಚುತ್ತದೆ. ನಿಮಗೆ ಇದು ದಿನಾ ನೋಡುವ ಸಂಗತಿ. ಮೊದಲ ಸಲ ನೋಡುವ ಹುಡುಗರು ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಬಿಸಿ ಅರಗು ಬೆರಳಿಗೆ ಅಂಟಿದರೆ ಬಿಡುವುದಿಲ್ಲ, ಮುಟ್ಟೋಕೆ ಬಂದವರ ಕೈ ತಡೆಯಿರಿ.

ದುಡ್ಡಿನ ವಿಷಯ. ದಿನಕ್ಕೆ ನೀವು ಎಷ್ಟು ಗೊಂಬೆ ಮಾಡುತ್ತೀರೋ ಅದರ ಲೆಕ್ಕ ಹಾಕಬೇಡಿ. ಅದೇ ಶಾಲೆಗೆ ಹೊರಗಿನಿಂದ ಬಂದು ಪಾಠ ಮಾಡುವ ಸಂಗೀತದ ಟೀಚರಿಗೆ, ಕರಾಟೆ ಮೇಷ್ಟ್ರಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿ. ಅಷ್ಟು ಕೇಳಿ. ಓಡಾಟ, ಮರ, ಅರಗು, ಉಳಿ ಸವೆತ ಬೇರೆ. ಊಟಕ್ಕೆ ಟೀಚರುಗಳ ಜೊತೆ ಕೂರಿಸುತ್ತಾರಾ ಅನ್ನುವುದನ್ನೂ ನೋಡಿ. ಒಂದು ಶಾಲೆಯಲ್ಲಿ, ಹೆಸರು ಬೇಡ, ನಮ್ಮ ಹಿರಿಯರಿಗೆ ವಾಚ್‌ಮನ್ ಕೋಣೆಯಲ್ಲಿ ಊಟ ಹಾಕಿದ್ದರು. ಅವರು ಏನೂ ಅನ್ನಲಿಲ್ಲ. ಮಾರನೇ ವರ್ಷ ಹೋಗಲಿಲ್ಲ ಅಷ್ಟೇ.

ಪ್ರಶ್ನೆ: ಸಾರ್, ನಾನು ಕಡೆದ ಬುಗುರಿ ಎರಡೇ ಸುತ್ತಿಗೆ ಓಲಾಡಿ ಬೀಳುತ್ತೆ. ನೋಡೋಕೆ ಚೆನ್ನಾಗಿದೆ, ಉದ್ದಕ್ಕೆ ಪೇರ್ ಹಣ್ಣಿನ ಥರ ಇದೆ. ಫ್ರೆಂಡ್‌ದು ಕುಳ್ಳಗೆ ಅಸಹ್ಯವಾಗಿದೆ, ಆದ್ರೆ ನಿಲ್ಲೋದೇ ಇಲ್ಲ. ಯಾಕೆ?
*ಒಂಬತ್ತನೇ ತರಗತಿ, ಶಿವಮೊಗ್ಗ*

ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆಯಲ್ಲಮ್ಮ. ಕುಳ್ಳಗಿರುವುದರ ಭಾರ ನೆಲಕ್ಕೆ ಹತ್ತಿರ. ಭಾರ ಹೊಟ್ಟೆಯ ಅಂಚಿನಲ್ಲಿ ಅಗಲವಾಗಿ ಹರಡಿದ್ದರೆ ಸುತ್ತು ಬೇಗ ಸೋಲುವುದಿಲ್ಲ. ನಿನ್ನದು ಎತ್ತರ, ಭಾರ ಮೇಲಿದೆ, ಹೊಟ್ಟೆ ಸಣ್ಣ. ಸ್ವಲ್ಪ ವಾಲಿದರೂ ಮುಗಿಯಿತು.

ಆದರೆ ಎರಡೇ ಸುತ್ತಿಗೆ ಬೀಳುತ್ತದೆ ಅಂದರೆ ನನ್ನ ಅನುಮಾನ ಮೊಳೆಯ ಮೇಲೆ. ಬುಗುರಿಯನ್ನು ಲೇತಿನಿಂದ ಬಿಚ್ಚಿದ ಮೇಲೆ, ಕಣ್ಣಂದಾಜಿನಲ್ಲಿ ಮೊಳೆ ಹೊಡೆದೆಯಾ? ಹಾಗಿದ್ದರೆ ಅದು ನಡುವಿಗೆ ಬಿದ್ದಿರುವುದಿಲ್ಲ. ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಬುಗುರಿ ತಲೆಯಾಡಿಸುತ್ತದೆ. ಮರ ಲೇತಿನ ಮೇಲಿರುವಾಗಲೇ ಉಳಿಯ ಮೂಲೆಯಿಂದ ನಡುವಿಗೆ ಒಂದು ಚುಕ್ಕೆ ಗುಳಿ ಮಾಡಿಕೋ. ಅಲ್ಲಿ ಮೊಳೆಗಿಂತ ಸಣ್ಣ ತೂತು ಕೊರೆದು ಆಮೇಲೆ ಮೊಳೆ ಹೊಡೆ. ನೇರವಾಗಿ ಹೊಡೆದರೆ ಮರ ಸೀಳುತ್ತದೆ.

ಮರವನ್ನೂ ಒಮ್ಮೆ ನೋಡು. ಕೊಂಬೆಯ ತಿರುಳು ಬುಗುರಿಯ ಒಂದು ಪಕ್ಕಕ್ಕೆ ಬಂದಿದೆಯಾ? ಒಂದು ಕಡೆ ಗಂಟು ಇದೆಯಾ? ಆಗ ಒಂದು ಮಗ್ಗುಲು ಭಾರ. ಬುಗುರಿಯನ್ನು ಬಕೆಟ್ ನೀರಿನಲ್ಲಿ ಮಲಗಿಸಿ ತೇಲಿಬಿಡು. ಪ್ರತಿ ಸಲ ಒಂದೇ ಮಗ್ಗುಲು ಕೆಳಗೆ ತಿರುಗಿದರೆ ಆ ಮಗ್ಗುಲೇ ಭಾರ. ಆಮೇಲೆ ಒರೆಸಿ ಒಣಗಿಸು.

ಪೇರ್ ಹಣ್ಣಿನ ಆಕಾರ ಬಿಡಬೇಡ. ಅದನ್ನೇ ತಲೆಕೆಳಗು ಮಾಡಿ, ಹೊಟ್ಟೆ ಕೆಳಗೆ ಬರುವ ಹಾಗೆ ಇನ್ನೊಂದು ಬುಗುರಿ ಕಡೆದು ನೋಡು. ಎರಡನ್ನೂ ಆಡಿಸಿ, ಎಷ್ಟು ಸೆಕೆಂಡು ನಿಂತವು ಅಂತ ನನಗೆ ಬರಿ.

ಪ್ರಶ್ನೆ: ಶಾಲೆಗೆ ಯಾವ ಮರ ತರಲಿ? ಟಿಂಬರ್ ಡಿಪೋದವರು ಪ್ಲೈವುಡ್ ಚೂರು ಫ್ರೀ ಕೊಡ್ತೀನಿ ಅಂತಾರೆ.
*ಹಾಸನ*

ಫ್ರೀ ಕೊಟ್ಟರೂ ಬೇಡ. ಪ್ಲೈವುಡ್ಡಿನ ಅಂಟು ಉಳಿಯ ಬಾಯಿ ತಿನ್ನುತ್ತದೆ, ಪದರ ಎದ್ದು ಮುಖಕ್ಕೆ ಹಾರುತ್ತದೆ. ಮೊಳೆ ಇದ್ದ ಹಳೇ ಪೆಟ್ಟಿಗೆ ಹಲಗೆಯೂ ಬೇಡ. ಎಲ್ಲಕ್ಕಿಂತ ಚೆಂದ ಆಲೆ ಮರ, ಕೆಲವು ಕಡೆ ಹಾಲೆ ಅಂತಾರೆ. ಬೆಳ್ಳಗೆ, ಎಳೆ ನಯ, ಗಂಟು ಕಡಿಮೆ, ಉಳಿಗೆ ಬೆಣ್ಣೆ. ಚನ್ನಪಟ್ಟಣದ ಗೊಂಬೆಗೂ, ಆಂಧ್ರದ ಏಟಿಕೊಪ್ಪಾಕ ಗೊಂಬೆಗೂ ಅದೇ ಮರ. ನಿಮ್ಮ ಹಾಸನ ಕಡೆ ಕಾಫಿ ತೋಟದ ಸಿಲ್ವರ್ ಓಕ್ ಕೊಂಬೆ ಸಿಗುತ್ತದಲ್ಲ, ಕಲಿಯೋಕೆ ಅದೂ ನಡೆಯುತ್ತದೆ. ಯಾವುದೇ ಆಗಲಿ ಪೂರ್ತಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ಡಬ್ಬಿಗೆ ತಿಂಗಳ ಮೇಲೆ ಮುಚ್ಚಳ ಕೂರುವುದಿಲ್ಲ.

ಪ್ರಶ್ನೆ: ತ್ರೀಡಿ ಪ್ರಿಂಟರ್ ಕಾಲದಲ್ಲಿ ಇದೆಲ್ಲ ಯಾಕೆ ಸ್ವಾಮಿ?
*ಹೆಸರು, ಊರು ಬರೆದಿಲ್ಲ*

ಪ್ರಿಂಟರೂ ಇರಲಿ. ಅದು ಕೆಲಸ ಮಾಡುವಾಗ ನಾವು ಚಹಾ ಕುಡಿಯಬಹುದು. ಲೇತ್ ಮುಂದೆ ಆಗುವುದಿಲ್ಲ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗಳ ಶಾಲೆಯ ಡಿಸೈನ್ ಕ್ಲಾಸಿಗೆ ನಿವೃತ್ತರಿಬ್ಬರು ಬಂದು ಮರ ಕಡೆಯುವುದನ್ನು ಕಲಿಸುತ್ತಾರೆ. ಮಗಳು ಎಡಚಿ. ಅವಳು ಚನ್ನಪಟ್ಟಣದ್ದು ಏನಾದರೂ ತೋರಿಸಬೇಕು ಅಂತಾಳೆ.
*ಬರ್ಮಿಂಗ್‌ಹ್ಯಾಮ್*

ಆ ನಾಡಿನಲ್ಲೂ ಇದು ಹಳೆಯ ವಿದ್ಯೆ. ಲಂಡನ್ನಿನ ಮರ ಕಡೆಯುವವರ ಸಂಘಕ್ಕೆ 1604ರಲ್ಲೇ ರಾಜನ ಸನ್ನದು ಸಿಕ್ಕಿತ್ತು. ಚಿಲ್ಟರ್ನ್ ಬೆಟ್ಟದ ಬೀಚ್ ಮರಗಳ ಕಾಡಿನಲ್ಲಿ ಕುರ್ಚಿ ಕಾಲು ಕಡೆಯುತ್ತಿದ್ದವರು ಬಾಗುವ ಕೋಲಿಗೆ ಹಗ್ಗ ಕಟ್ಟಿ, ಕಾಲಿನಿಂದ ತುಳಿದು ಲೇತ್ ತಿರುಗಿಸುತ್ತಿದ್ದರು. ನಮ್ಮ ಬಿಲ್ಲಿನ ಲೇತಿನ ಹಾಗೇ ಅದೂ ಹಿಂದೆ ಮುಂದೆ ತಿರುಗುತ್ತಿತ್ತು. ಆ ಇಬ್ಬರು ಹಿರಿಯರಿಗೆ ಇದು ಗೊತ್ತೇ ಇರುತ್ತದೆ. ನಮ್ಮವರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತಾ, ಉಳಿಯನ್ನು ಕಾಲ್ಬೆರಳಿನಿಂದಲೂ ಒತ್ತಿ ಹಿಡಿಯುತ್ತಾರೆ ಅನ್ನುವುದು ಗೊತ್ತಿರಲಿಕ್ಕಿಲ್ಲ. ಅದನ್ನು ಮಗಳು ಹೇಳಲಿ.

ಎಡಗೈ ಒಂದು ತೊಂದರೆಯೇ ಅಲ್ಲ. ಲೇತ್ ಮುಂದೆ ಎರಡೂ ಕೈ ಬೇಕು. ಉಳಿ ಎಡಕ್ಕೆ ಓಡುವಾಗ ಒಂದು ಕೈ ಮುಂದು, ಬಲಕ್ಕೆ ಓಡುವಾಗ ಇನ್ನೊಂದು ಮುಂದಾದರೆ ಸಲೀಸು. ಬಲಗೈಯವರು ಇದನ್ನು ಕಷ್ಟಪಟ್ಟು ಕಲಿಯಬೇಕು.

ತೋರಿಸುವುದಕ್ಕೆ ಗೊಂಬೆ ಬೇಡ, ಅದನ್ನು ನೋಡಿ ಚೆನ್ನಾಗಿದೆ ಅಂತ ಪಕ್ಕಕ್ಕಿಡುತ್ತಾರೆ. ಮುಂದಿನ ಸಲ ಊರಿಗೆ ಬಂದಾಗ ಎರಡು ಅರಗಿನ ಕಡ್ಡಿ, ಒಣಗಿದ ಕೇದಗೆ ಗರಿ ಒಂದಿಷ್ಟು ತೆಗೆದುಕೊಂಡು ಹೋಗಿ. ಗರಿ ತೆಗೆದುಕೊಂಡು ಹೋಗಬಹುದಾ ಅಂತ ಅಲ್ಲಿನ ಕಸ್ಟಮ್ಸ್ ನಿಯಮ ಮೊದಲೇ ನೋಡಿಕೊಳ್ಳಿ. ಕೂಡದು ಅಂದರೆ ಅರಗೊಂದೇ ಸಾಕು. ಶಾಲೆಯ ಲೇತಿನ ಮೇಲೆ, ಅಲ್ಲಿನ ಸಿಕಮೋರ್ ಮರಕ್ಕೆ ಮಗಳೇ ಹಚ್ಚಲಿ. ವೇಗ ಕಡಿಮೆ ಇರಲಿ, ಕಡ್ಡಿಯನ್ನು ಜೋರಾಗಿ ಒತ್ತಬೇಡ ಅಂತ ಹೇಳಿ.